ಊರ ನಡುವೆ ಬುಲೆಟ್ ಟ್ರೇನ್ ಟರ್ಮಿನಸ್ ಕಟ್ಟಿದ್ರೆ ಪರಿಸರಕ್ಕೆ ಏನಾಗುತ್ತೆ: ಮುಂಬೈ ಬಿಕೆಸಿ ಇಟ್ಕೊಂಡು ಒಂದು ಅಧ್ಯಯನ ಟಿಪ್ಪಣಿ

ಇಐಎ, ಅಂದ್ರೆ ಪರಿಸರ ಪರಿಣಾಮ ಅಧ್ಯಯನದ ಚಾಪ್ಟರ್ ಓದೋವಾಗ ನಮ್ಮಲ್ಲಿ ಬಹಳ ಜನ ಗಾಳಿ, ನೀರು, ಶಬ್ದ, ಮಣ್ಣು ಅಂತ ನಾಲ್ಕು ಹೆಡಿಂಗ್ ಬಾಯಿಪಾಠ ಮಾಡ್ಕೊಂಡು ಯಾವ ಪ್ರಾಜೆಕ್ಟ್ ಬಗ್ಗೆ ಕೇಳಿದ್ರೂ ಅದನ್ನೇ ಬರೀತಾರೆ. ಡ್ಯಾಮಿಗೂ ಅದೇ, ಸ್ಟೇಷನ್ನಿಗೂ ಅದೇ. ಹಾಗೆ ಬರೆದ್ರೆ ಮಾರ್ಕ್ಸೂ ಬರಲ್ಲ, ವಿಷಯ ತಲೆಗೂ ಹೋಗಲ್ಲ. ಒಂದು ನಿಜವಾದ ಸ್ಟೇಷನ್ ಹಿಡ್ಕೊಂಡು ತಳದ ತನಕ ಹೋದ್ರೆ ಎಲ್ಲಾ ಹೆಡಿಂಗೂ ತಾವಾಗೇ ಜಾಗಕ್ಕೆ ಬಂದು ಕೂರುತ್ವೆ, ಅದಕ್ಕೇ ಇಲ್ಲಿ ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಂದ್ರೆ ಬಿಕೆಸಿ ಸ್ಟೇಷನ್ ತಗೊಂಡಿದೀನಿ.

ಮುಂಬೈ–ಅಹಮದಾಬಾದ್ ಬುಲೆಟ್ ಟ್ರೇನ್ ಲೈನ್ ಒಟ್ಟು 508 ಕಿಲೋಮೀಟರ್, 12 ಸ್ಟೇಷನ್, ಶಂಕುಸ್ಥಾಪನೆ ಆಗಿದ್ದು 2017ರ ಸೆಪ್ಟೆಂಬರ್ 14ಕ್ಕೆ. ಹನ್ನೆರಡರಲ್ಲಿ ನೆಲದಡಿ ಇರೋದು ಬಿಕೆಸಿ ಒಂದೇ. 6 ಪ್ಲಾಟ್‌ಫಾರಂ, 16 ಬೋಗಿ ಟ್ರೇನ್ ನಿಲ್ಲೋ ಹಾಗೆ ಒಂದೊಂದೂ 400 ಮೀಟರ್‌ಗಿಂತ ಉದ್ದ, ಅಗೆತ ಸುಮಾರು 32 ಮೀಟರ್ ಆಳಕ್ಕೆ, ಅಂದ್ರೆ ಹತ್ತು ಮಹಡಿ ಕಟ್ಟಡ ತಲೆಕೆಳಗಾಗಿ ಹೂತಷ್ಟು. ಹತ್ತಿರ ಹತ್ತಿರ 5 ಹೆಕ್ಟೇರ್ ಜಾಗದಲ್ಲಿ ಇದೆಲ್ಲಾ ನಡೀತಿದೆ, ಸುತ್ತ ಬ್ಯಾಂಕ್ ಹೆಡ್ ಆಫೀಸುಗಳು, ರಸ್ತೆ ತುಂಬಾ ಗಾಡಿಗಳು.

ಜಾಗದ ಹಿನ್ನೆಲೆ ಗೊತ್ತಿಲ್ದೆ ಮುಂದಿನದು ಅರ್ಥ ಆಗಲ್ಲ. ಬಿಕೆಸಿ ಇರೋದು ಮಿಠಿ ನದಿ ಸಮುದ್ರ ಸೇರೋ ಕಡೆ, ಮುಂಚೆ ಜೌಗು ಮತ್ತೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದ ನೆಲ, 1977ರಿಂದ ಮುಂಬೈ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ಅಲ್ಲಿ ಮಣ್ಣು ತುಂಬಿಸಿ ಎತ್ತರ ಮಾಡಿ ಆಫೀಸ್ ಏರಿಯಾ ಮಾಡ್ತು. ಮಿಠಿ ಅಂದ್ರೆ 18 ಕಿಲೋಮೀಟರ್ ಉದ್ದದ ಸಣ್ಣ ನದಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೇಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಕ್ಕಿ ಹರಿದು ಊರನ್ನೇ ಮುಳುಗಿಸಿದ ನದಿಗಳಲ್ಲಿ ಇದೇ ಮುಖ್ಯ. ಹಳೇ ಜೌಗು ನೆಲ, ಪಕ್ಕದಲ್ಲೇ ಉಬ್ಬರಕ್ಕೆ ಏರೋ ನದಿ, ಅದರಲ್ಲಿ 32 ಮೀಟರ್ ಗುಂಡಿ, ಇಷ್ಟು ಕಣ್ಮುಂದೆ ಇಟ್ಕೊಳ್ಳಿ.

ಮೊದಲು ಕಾನೂನು. ಇದನ್ನ ಬಹಳ ಜನ ತಪ್ಪು ಬರೀತಾರೆ. ಇಷ್ಟು ದೊಡ್ಡ ಪ್ರಾಜೆಕ್ಟಿಗೆ ಪರಿಸರ ಅನುಮತಿ ಅಂದ್ರೆ ಇಸಿ ಬೇಕೇ ಬೇಕು ಅಂತ ಎಲ್ಲರೂ ಅಂದ್ಕೊಳ್ತಾರೆ, ಆದ್ರೆ 2006ರ ಇಐಎ ಅಧಿಸೂಚನೆಯ ಪಟ್ಟೀಲಿ ರೈಲ್ವೆ ಲೈನೇ ಇಲ್ಲ. ಹೆದ್ದಾರಿ ಇದೆ, ಬಂದರು ಇದೆ, ಏರ್‌ಪೋರ್ಟ್ ಇದೆ, ರೈಲು ಇಲ್ಲ. ನಮ್ಮ ಬೆಂಗಳೂರು ಮೆಟ್ರೋ ಲೈನಿಗೂ ಇದೇ ಕಥೆ. ಹಂಗಾದ್ರೆ ಬುಲೆಟ್ ಟ್ರೇನಿಗೆ ಇಐಎ ವರದಿ ಯಾಕೆ ಮಾಡಿದ್ರು? ಸಾಲ ಕೊಟ್ಟಿದ್ದು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ. ಅವರ 2010ರ ಮಾರ್ಗಸೂಚಿ ಪ್ರಕಾರ ಪರಿಣಾಮ ದೊಡ್ಡದಿರೋ ಪ್ರಾಜೆಕ್ಟುಗಳು ಎ ವರ್ಗಕ್ಕೆ ಬರುತ್ವೆ, ಅವುಕ್ಕೆ ಇಐಎ ಕಡ್ಡಾಯ, ಸಾಲದ ಒಪ್ಪಂದಕ್ಕೆ 120 ದಿನ ಮುಂಚೆ ವರದಿ ಜನರ ಮುಂದೆ ಇಡ್ಬೇಕು. ಅಂದ್ರೆ ಅಧ್ಯಯನ ಕೇಳಿದ್ದು ಸಾಲ ಕೊಟ್ಟೋರು, ನಮ್ಮ ಕಾನೂನಲ್ಲ. ಹಾಗಂತ ನಮ್ಮ ಕಾನೂನು ಪೂರ್ತಿ ಸುಮ್ನಿತ್ತು ಅಂತಾನೂ ಬರೀಬೇಡಿ. ಅರಣ್ಯ ಜಮೀನಿಗೆ ಅರಣ್ಯ ಅನುಮತಿ, ಅಭಯಾರಣ್ಯ ದಾಟೋ ಕಡೆ ವನ್ಯಜೀವಿ ಅನುಮತಿ, ಕರಾವಳೀಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಇವೆಲ್ಲಾ ಬೇಕಾಗಿತ್ತು. ಅದ್ರ ಮೇಲೆ ಬಾಂಬೆ ಹೈಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿನಿಂದ ಮಹಾರಾಷ್ಟ್ರದಲ್ಲಿ ಕಾಂಡ್ಲಾ ಕಡಿಬೇಕಂದ್ರೆ ಸಾರ್ವಜನಿಕ ಹಿತ ಅಂತ ತೋರಿಸಿ ಕೋರ್ಟಿನ ಒಪ್ಪಿಗೆ ತಗೋಬೇಕು.

ಇಲ್ಲೇ ನನ್ನ ಮುಖ್ಯ ಮಾತು ಇರೋದು. ಒಂದೊಂದು ಕಾನೂನು ಒಂದೊಂದು ವಸ್ತುವನ್ನ ಕಾಯುತ್ತೆ: ಒಂದು ಮರ, ಒಂದು ಹಕ್ಕಿ, ಒಂದು ದಡ. ಆದ್ರೆ ಟರ್ಮಿನಸ್ಸಿನ ಅತಿ ದೊಡ್ಡ ಪರಿಣಾಮ ಇರೋದು ಅಗೆದ ಮಣ್ಣಲ್ಲಿ, ಹೊರಗೆ ಹಾಕೋ ನೀರಲ್ಲಿ, ಸುರಿಯೋ ಕಾಂಕ್ರೀಟಲ್ಲಿ. ಇವು ಮೂರೂ ಯಾವ ಅನುಮತಿ ಫೈಲಿಗೂ ಪೂರ್ತಿ ಸಿಗಲ್ಲ, ಅದಕ್ಕೇ ನ್ಯೂಸ್ ಪೇಪರಲ್ಲೂ ಬರಲ್ಲ, ನಮ್ಮ ಉತ್ತರದಲ್ಲೂ ಬರಲ್ಲ.

ಮಣ್ಣಿಂದ ಶುರು ಮಾಡೋಣ. ಬಿಕೆಸೀಲಿ ತೆಗೀಬೇಕಾದ ಮಣ್ಣು-ಬಂಡೆ ಸುಮಾರು 18.7 ಲಕ್ಷ ಘನ ಮೀಟರ್. ಈ ಸಂಖ್ಯೆ ಹಾಗೇ ಬರೆದ್ರೆ ಏನೂ ಅನ್ಸಲ್ಲ, ಒಂದ್ಸಲ ಲೆಕ್ಕ ಹಾಕಿ ನೋಡಿ. ನೆಲದಲ್ಲಿ ಬಿಗಿಯಾಗಿದ್ದ ಮಣ್ಣು ಅಗೆದ ಮೇಲೆ ಸಡಿಲ ಆಗಿ ಉಬ್ಬುತ್ತೆ, ಮಣ್ಣು ಬಂಡೆ ಎರಡೂ ಸೇರಿ 1.3 ಪಟ್ಟು ಅಂತ ಹಿಡಿದ್ರೆ 24 ಲಕ್ಷ ಘನ ಮೀಟರ್ ದಾಟುತ್ತೆ. ಒಂದು ದೊಡ್ಡ ಟಿಪ್ಪರ್ 16 ಘನ ಮೀಟರ್ ಹೊರುತ್ತೆ ಅಂತ ಇಟ್ಕೊಂಡ್ರೆ ಒಂದೂವರೆ ಲಕ್ಷ ಲೋಡ್, ಖಾಲಿ ವಾಪಸ್ ಬರೋದೂ ಸೇರಿದ್ರೆ 3 ಲಕ್ಷ ಓಡಾಟ. ಎರಡು ವರ್ಷಕ್ಕೆ ಹಂಚಿದ್ರೆ ದಿನಕ್ಕೆ 400ಕ್ಕೂ ಮೇಲೆ, ಅದೂ ರಜಾ ಇಲ್ದೆ, ಮಳೆಗಾಲದಲ್ಲೂ ನಿಲ್ಲದೆ. ಉಬ್ಬೋ ಗುಣಾಂಕ, ಟಿಪ್ಪರ್ ಸೈಜ್, ಎರಡು ವರ್ಷ, ಇವು ಮೂರೂ ನಾನು ಹಿಡ್ಕೊಂಡ ಅಂದಾಜು, ನೀವು ಬೇರೆ ಹಿಡಿದ್ರೆ ಬೇರೆ ಉತ್ತರ ಬರುತ್ತೆ, ಆದ್ರೆ ಪ್ರಮಾಣ ಇಷ್ಟೇ ಇರುತ್ತೆ. ಡೀಸೆಲ್ ಹೊಗೆ, ಧೂಳು, ರಾತ್ರಿ ಸದ್ದು, ರಸ್ತೆ ಹಾಳಾಗೋದು, ಆಕ್ಸಿಡೆಂಟ್ ಭಯ ಎಲ್ಲಾ ಈ ಒಂದು ಸಂಖ್ಯೆ ಒಳಗೇ ಇದೆ. ಲಾರಿ ಹೋದ ದಾರಿ ಉದ್ದಕ್ಕೂ ಅನುಭವಿಸೋರು ಸ್ಟೇಷನ್ ಪಕ್ಕದೋರೇ ಆಗಿರಬೇಕಂತ ಇಲ್ಲ, ಮಣ್ಣು ಎಲ್ಲಿ ಸುರೀತಾರೋ ಆ ಊರಿನೋರೂ ಆಗಿರ್ತಾರೆ. ಟರ್ಮಿನಸ್ಸಿನ ಗಡಿ ಕಾಂಪೌಂಡ್ ಗೋಡೇಲಿ ಮುಗಿಯಲ್ಲ ಅನ್ನೋದಕ್ಕೆ ಮೊದಲನೇ ಸಾಕ್ಷಿ ಇದು.

ಎರಡನೇದು ನೀರು, ಮತ್ತೆ ನನ್ನ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಲೀಬೇಕಾಗಿರೋದು ಇದೇ. ಗುಂಡಿ ಅಗೀತಾ ಹೋದ ಹಾಗೆ ಸುತ್ತಲಿನ ಅಂತರ್ಜಲ ಒಳಗೆ ನುಗ್ಗುತ್ತೆ. ಪಂಪ್ ಹಾಕಿ ಎತ್ತಿ ಹೊರಗೆ ಬಿಟ್ರೆ ಗುಂಡಿ ಒಣಗುತ್ತೆ, ಸರಿ, ಆದ್ರೆ ಸುತ್ತಲಿನ ನೀರಿನ ಮಟ್ಟಾನೂ ಇಳಿಯುತ್ತೆ. ಮೆತ್ತಗಿನ ಸಮುದ್ರದ ಜೇಡಿ ಇರೋ ಕಡೆ ನೀರು ಹೊತ್ಕೊಂಡಿದ್ದ ಭಾರ ಮಣ್ಣಿನ ಕಣಗಳ ಮೇಲೆ ಬೀಳುತ್ತೆ, ಜೇಡಿ ಕುಗ್ಗುತ್ತೆ, ಮೇಲಿನ ರಸ್ತೆ, ಪೈಪು, ಪಕ್ಕದ ಕಟ್ಟಡ ಕೂರೋಕೆ ಶುರು ಆಗುತ್ತೆ. ಕರಾವಳಿ ಆಗಿದ್ರಿಂದ ಇನ್ನೊಂದು ಅಪಾಯ, ಸಿಹಿನೀರು ಇಳಿದ ಜಾಗಕ್ಕೆ ಉಪ್ಪುನೀರು ಬರಬಹುದು.

ಇದನ್ನ ತಡೆಯೋಕೆ ಬಿಕೆಸೀಲಿ ಸೆಕೆಂಟ್ ಪೈಲ್, ಅಂದ್ರೆ ನೆಲದೊಳಗೆ ಸಾಲಾಗಿ ಕಾಂಕ್ರೀಟ್ ಕಂಬಗಳನ್ನ ಹಾಕಿದಾರೆ. ಮೊದಲು ಬಿಟ್ಟು ಬಿಟ್ಟು ಒಂದು ಸಾಲು ಪೈಲ್ ಸುರೀತಾರೆ, ಆಮೇಲೆ ನಡುವಿನ ಜಾಗದಲ್ಲಿ ಅವುಗಳ ಅಂಚನ್ನ ಕೊರೆದ್ಕೊಂಡು ಇನ್ನೊಂದು ಸಾಲು ಸುರೀತಾರೆ, ಹಾಗಾಗಿ ಒಂದಕ್ಕೊಂದು ಕಚ್ಕೊಂಡು ಸಂದಿಲ್ಲದ ಗೋಡೆ ಆಗುತ್ತೆ. ಇಂಥವು 3,300ಕ್ಕೂ ಹೆಚ್ಚು, ಒಂದೊಂದೂ 17ರಿಂದ 21 ಮೀಟರ್ ಆಳ. ಅಗೆತ 32 ಮೀಟರ್, ಪೈಲ್ 21 ಮೀಟರಿಗೇ ನಿಂತ್ರೆ ಹೇಗೆ ಅಂತ ಕೇಳ್ತೀರಾ? ಮುಂಬೈ ತಳದಲ್ಲಿರೋದು ದಖನ್ ಬಸಾಲ್ಟ್. ಮೇಲಿನ ಸಡಿಲ ಮಣ್ಣು ದಾಟಿ ಬಂಡೆ ಸಿಕ್ಕ ಮೇಲೆ ಬಂಡೆನೇ ಗೋಡೆ, ಆದ್ರೆ ಬಸಾಲ್ಟಿನ ಬಿರುಕುಗಳಿಂದ ನೀರು ಜಿನುಗ್ತಾ ಇರುತ್ತೆ, ಹಾಗಾಗಿ ಪಂಪಿಂಗ್ ಕಮ್ಮಿ ಆಗಬಹುದೇ ಹೊರತು ನಿಲ್ಲಲ್ಲ. ಆ ಪಂಪ್ ನೀರು ಕೆಸರು ಕಲಸಿದ ನೀರು. ಸೆಡಿಮೆಂಟೇಶನ್ ಟ್ಯಾಂಕಲ್ಲಿ ಕೆಸರು ತಳ ಸೇರೋವರೆಗೂ ನಿಲ್ಲಿಸದೆ ಸೀದಾ ಮಳೆನೀರಿನ ಚರಂಡಿಗೆ ಬಿಟ್ರೆ ಅದು ಸೇರೋದು ಮಿಠಿಗೆ. ಹೂಳು ತುಂಬಿದ ನದಿ ಜುಲೈನಲ್ಲಿ ಏನ್ ಮಾಡುತ್ತೆ ಅಂತ 2005ರಲ್ಲಿ ಊರಿಗೆ ಊರೇ ನೋಡಿದೆ. ಅದಕ್ಕೇ ಉತ್ತರದಲ್ಲಿ ಜಲಮಾಲಿನ್ಯ ಅಂತ ಒಂದು ಪದ ಬರೆದು ಬಿಡಬೇಡಿ, ಗುಂಡಿ, ಪಂಪ್, ಹೂಳು, ಚರಂಡಿ, ಪ್ರವಾಹ ಅಂತ ಸರಪಳಿ ತೋರಿಸಿ.

ನೀರು ಕೆಳಗಿಂದಾನೂ ಒತ್ತುತ್ತೆ. ಅಂತರ್ಜಲ ನೆಲದಿಂದ 2 ಮೀಟರ್ ಕೆಳಗಿದೆ ಅಂತ ಅಂದ್ಕೊಳ್ಳಿ, 32 ಮೀಟರ್ ಆಳದಲ್ಲಿ 30 ಮೀಟರ್ ನೀರಿನ ಒತ್ತಡ, ಅಂದ್ರೆ ಪ್ರತಿ ಚದರ ಮೀಟರಿಗೆ 30 ಟನ್ ಮೇಲಕ್ಕೆ ಎತ್ತೋ ಬಲ. ಬಿಕೆಸೀಲಿ ತಳದ ಸ್ಲ್ಯಾಬ್ 3.5 ಮೀಟರ್ ದಪ್ಪ, ಅದರ ತೂಕ ಚದರ ಮೀಟರಿಗೆ 9 ಟನ್ನಿಗೂ ಕಮ್ಮಿ. ಉಳಿದ ಬಲ ತಡೆಯೋಕೆ ಮೇಲಿನ ಕಟ್ಟಡದ ಭಾರ ಬೇಕು, ಇಲ್ಲ ಕೆಳಗೆ ಬಂಡೆಗೆ ಆಂಕರ್ ಹಾಕ್ಬೇಕು. ಆಳಕ್ಕೆ ಹೋದಷ್ಟೂ ಕಾಂಕ್ರೀಟು, ಉಕ್ಕು ಎರಡೂ ಯಾಕೆ ಏರ್ತಾ ಹೋಗುತ್ತೆ ಅಂತ ಇದ್ರಿಂದ ಗೊತ್ತಾಗುತ್ತೆ.

ಕಾಂಕ್ರೀಟ್ ಅಂದ ಮೇಲೆ ಇಂಗಾಲದ ಲೆಕ್ಕ. 2024ರ ಕೊನೇಲಿ ಮೊದಲ ತಳದ ಸ್ಲ್ಯಾಬ್ ಹಾಕಿದ್ರು, 30 ಮೀಟರ್ ಉದ್ದ, 20 ಮೀಟರ್ ಅಗಲ, 3.5 ಮೀಟರ್ ದಪ್ಪ, ಗುಣಿಸಿದ್ರೆ 2,100 ಘನ ಮೀಟರ್, ಎಂ60 ಅನ್ನೋ ಬಹಳ ಗಟ್ಟಿ ದರ್ಜೆಯ ಕಾಂಕ್ರೀಟ್. ಇಷ್ಟು ದಪ್ಪ ಕಾಂಕ್ರೀಟ್ ಗಟ್ಟಿ ಆಗೋವಾಗ ಒಳಗೆ ವಿಪರೀತ ಬಿಸಿ ಆಗುತ್ತೆ, ಒಳಗಿನ ಟೆಂಪರೇಚರ್ 70 ಡಿಗ್ರಿ ದಾಟಬಾರದು ಅನ್ನೋದು ಸಾಮಾನ್ಯ ನಿಯಮ, ಅದಕ್ಕೆ ಸೈಟಲ್ಲೇ ಐಸ್ ಪ್ಲ್ಯಾಂಟ್, ಚಿಲ್ಲರ್ ಇಟ್ಟು ತಣ್ಣಗಿನ ಕಾಂಕ್ರೀಟ್ ಸುರೀತಾರೆ, ಆ ಐಸಿಗೂ ಕರೆಂಟ್ ಬೇಕು. ಘನ ಮೀಟರಿಗೆ 450 ಕೆಜಿ ಬರೀ ಸಾದಾ ಸಿಮೆಂಟ್, ಕೆಜಿಗೆ 0.9 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಒರಟು ಲೆಕ್ಕ ಹಾಕಿದ್ರೆ ಒಂದೇ ಸ್ಲ್ಯಾಬಿಗೆ 850 ಟನ್. ಇಂಥ ಸ್ಲ್ಯಾಬ್ ಎಷ್ಟೋ ಇವೆ. ಸಿಮೆಂಟಿನ ಒಂದು ಭಾಗ ತೆಗೆದು ಹಾರುಬೂದಿ, ಇಲ್ಲಾ ಉಕ್ಕಿನ ಕಾರ್ಖಾನೆ ಸ್ಲ್ಯಾಗ್ ಪುಡಿ ಸೇರಿಸಿದ್ರೆ ಇಂಗಾಲಾನೂ ಇಳಿಯುತ್ತೆ, ಬಿಸಿನೂ ಇಳಿಯುತ್ತೆ. ನಮ್ಮ ಬಳ್ಳಾರಿ ಕಡೆ ತೋರಣಗಲ್ಲಲ್ಲಿ ಕಬ್ಬಿಣ ಕರಗಿಸೋವಾಗ ಸಿಗೋ ಸ್ಲ್ಯಾಗ್ ಇದೇ ಜಾತಿಯದು. ಪರಿಹಾರ ಕ್ರಮ ಬರೀರಿ ಅಂತ ಕೇಳಿದಾಗ ಗಿಡ ನೆಡೋದು ಅಂತ ಶುರು ಮಾಡೋ ಬದಲು ಇದನ್ನ ಮೊದಲು ಬರೀರಿ, ಯಾಕಂದ್ರೆ ಇದು ಮೂಲದಲ್ಲೇ ಕಮ್ಮಿ ಮಾಡೋದು.

ಧೂಳು, ಶಬ್ದ ಚಿಕ್ಕದಾಗಿ ಸಾಕು. ಗಾಳೀಲಿರೋ ಸಣ್ಣ ಧೂಳಿನ ಕಣ ಪಿಎಂ10ಗೆ 24 ಗಂಟೆ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಇನ್ನೂ ಸಣ್ಣ ಕಣ ಪಿಎಂ2.5ಗೆ 60. ಶಬ್ದ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್, ವಸತಿ ಪ್ರದೇಶದಲ್ಲಿ 55 ಮತ್ತೆ 45. ಟಿಪ್ಪರ್ ರಾತ್ರಿನೇ ಹೆಚ್ಚು ಓಡೋದ್ರಿಂದ ರಾತ್ರಿ ಮಿತಿ ನೆನಪಿಟ್ಕೊಳ್ಳಿ.

ಇನ್ನು ಕಾಂಡ್ಲಾ ಮತ್ತೆ ಫ್ಲೆಮಿಂಗೋ. ಟರ್ಮಿನಸ್ ಬಿಕೆಸೀಲಿ ಅಂತ ತೀರ್ಮಾನ ಆದ ಕ್ಷಣಕ್ಕೇ ಲೈನ್ ಠಾಣೆ ಖಾರಿ (ಸಮುದ್ರದ ನೀರು ಒಳಗೆ ಬರೋ ಕಾಲುವೆ, ಕ್ರೀಕ್) ದಾಟಲೇಬೇಕಾಯ್ತು. ಆ ಖಾರೀಲಿ 2015ರಲ್ಲಿ ಘೋಷಿಸಿದ ಫ್ಲೆಮಿಂಗೋ ಅಭಯಾರಣ್ಯ ಇದೆ, 2022ರಲ್ಲಿ ಅದಕ್ಕೆ ರಾಮ್ಸಾರ್, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆನೂ ಸಿಕ್ತು. ಮೇಲೆ ಸೇತುವೆ ಕಟ್ಟೋ ಬದಲು ಬಿಕೆಸಿಯಿಂದ ಶಿಳ್‌ಫಾಟಾ ತನಕ 21 ಕಿಲೋಮೀಟರ್ ಟನಲ್ ಅಂತ ತೀರ್ಮಾನ ಮಾಡಿದ್ರು, ಅದರಲ್ಲಿ 7 ಕಿಲೋಮೀಟರ್ ಖಾರಿಯ ಅಡೀಲಿ. ಹಕ್ಕಿಗಳ ಜಾಗ ಉಳೀತು, ಅದರ ಬದಲಿಗೆ ಟನಲ್ ಮಣ್ಣು ಜಾಸ್ತಿ ಆಯ್ತು, ಒಂದು ಪರಿಣಾಮ ತಗ್ಗಿಸೋಕೆ ಹೋದಾಗ ಇನ್ನೊಂದು ಏರೋದು ಅಂದ್ರೆ ಇದೇ. ಉಳಿದ ಮಾರ್ಗದಲ್ಲಿ ಕಡಿಯೋ ಕಾಂಡ್ಲಾ ಮೊದಲು 53,000ಕ್ಕೂ ಹೆಚ್ಚು ಅಂತ ಲೆಕ್ಕ ಇತ್ತು, ಠಾಣೆ ಸ್ಟೇಷನ್ನಿನ ಡಿಸೈನ್ ಬದಲಾಯಿಸಿ ಪಾರ್ಕಿಂಗ್ ಎಲ್ಲಾ ಬೇರೆ ಕಡೆ ಹಾಕಿದ್ದೂ ಸೇರಿ ಸುಮಾರು 22,000ಕ್ಕೆ ಇಳೀತು, 2022ರ ಡಿಸೆಂಬರ್ 9ಕ್ಕೆ ಹೈಕೋರ್ಟ್ ಒಪ್ಪಿಗೆ ಕೊಡ್ತು. ಒಂದಕ್ಕೆ ಐದರಂತೆ ನೆಡಬೇಕು ಅನ್ನೋದು ಲೆಕ್ಕ. ಡಿಸೈನ್ ಬದಲಾಯಿಸಿ ಅರ್ಧಕ್ಕಿಂತ ಹೆಚ್ಚು ಗಿಡ ಉಳಿಸೋಕೆ ಆಯ್ತು ಅಂದ್ರೆ, ಕೇಳೋರು ಇದ್ರೆ ಇಂಜಿನಿಯರಿಂಗ್‌ಗೆ ದಾರಿ ಸಿಗುತ್ತೆ ಅಂತಾಯ್ತು. ಮಣ್ಣು, ನೀರಿಗೂ ಇಷ್ಟೇ ಗಟ್ಟಿಯಾಗಿ ಕೇಳೋ ಒಂದು ಕಾನೂನು ಬೇಕು ಅಂತ ನಾನು ನಂಬ್ತೀನಿ.

ಹೋಲಿಕೆಗೆ ಜರ್ಮನಿಯ ಸ್ಟುಟ್‌ಗಾರ್ಟ್ ಒಳ್ಳೇದು, ಬಾಷ್, ಮರ್ಸಿಡಿಸ್ ಕೆಲಸಕ್ಕೆ ಹೋದ ಕನ್ನಡದೋರು ದಿನಾ ಆ ಸ್ಟೇಷನ್ ಕೆಲಸ ಸುತ್ಕೊಂಡೇ ಓಡಾಡ್ತಾರೆ. ಅಲ್ಲಿ ನೆಲದ ಮೇಲಿದ್ದ 16 ಹಳಿಯ ಹಳೇ ಟರ್ಮಿನಸ್ ಬದಲು ನೆಲದಡಿ 8 ಹಳಿಯ ಸ್ಟೇಷನ್ನಿನ ಕೆಲಸ 2010ರಲ್ಲಿ ಶುರು ಮಾಡಿದ್ರು. ಊರಿನ ಅಡೀಲಿ ಖನಿಜ ನೀರಿನ ದೊಡ್ಡ ಸೆಲೆಗಳಿವೆ, ಹಾಗಾಗಿ ಎತ್ತಿದ ಅಂತರ್ಜಲಾನ ಶುದ್ಧ ಮಾಡಿ ವಾಪಸ್ ನೆಲಕ್ಕೇ ಇಳಿಸೋ ವ್ಯವಸ್ಥೆ ಮಾಡಿದ್ರು, ಅದರ ನೀಲಿ ಪೈಪುಗಳು ವರ್ಷಗಟ್ಟಲೆ ರಸ್ತೆ ಮೇಲೆ ಕಾಣ್ತಿದ್ವು. ಟನಲ್ ದಾರೀಲಿ ಅನ್‌ಹೈಡ್ರೈಟ್ ಬಂಡೆ, ನೀರು ತಾಗಿದ್ರೆ ಉಬ್ಬೋ ಜಾತಿ. ಪಾರ್ಕಿನ ಹಳೇ ಮರಗಳ ಪೊಟರೇಲಿ ಸಂರಕ್ಷಿತ ಜೀರುಂಡೆ, ಹಳಿ ಪಕ್ಕದಲ್ಲಿ ಸಂರಕ್ಷಿತ ಹಲ್ಲಿಗಳು. ಮರ ಕಡಿಯೋಕೆ ಹೋದಾಗ 2010ರ ಸೆಪ್ಟೆಂಬರ್ 30ಕ್ಕೆ ಪೊಲೀಸರು ಜಲಫಿರಂಗಿ ಬಿಟ್ಟು ನೂರಾರು ಜನಕ್ಕೆ ಗಾಯ ಆಯ್ತು. ಉತ್ತರದಲ್ಲಿ ಇದರಿಂದ ತಗೋಬೇಕಾದ್ದು ನೀರು ವಾಪಸ್ ಇಳಿಸೋ ವಿಧಾನ, ಡೀವಾಟರಿಂಗ್‌ಗೆ (ಗುಂಡಿಯಿಂದ ನೀರು ಎತ್ತೋದಕ್ಕೆ) ಪರಿಹಾರ ಅಂತ ಬರೆಯೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ.

ಕೊನೇದಾಗಿ ಟ್ರೇನ್ ಓಡೋಕೆ ಶುರು ಆದ್ಮೇಲಿನ ಲಾಭ. ರೈಲು ವಿಮಾನಕ್ಕಿಂತ ಹಸಿರು ಅಂತ ಒಂದೇ ಸಾಲಲ್ಲಿ ಬರೀಬೇಡಿ. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತೆ, ಇನ್ನೂ ಕಲ್ಲಿದ್ದಲೇ ಜಾಸ್ತಿ. ಪ್ರಯಾಣಿಕರು ವಿಮಾನ, ಕಾರು ಬಿಟ್ಟು ಬಂದ್ರೆ ಉಳಿತಾಯ, ಈಗಿರೋ ಮಾಮೂಲಿ ಟ್ರೇನ್ ಬಿಟ್ಟು ಬಂದ್ರೆ ಇಂಗಾಲದ ಖರ್ಚೇ ಹೆಚ್ಚು, ಯಾಕಂದ್ರೆ 320 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ವಿಪರೀತ. ಅದ್ರ ಮೇಲೆ ನೆಲದಡಿ ಸ್ಟೇಷನ್ನಿಗೆ ದಿನವಿಡೀ ಎಸಿ, ಗಾಳಿ ಆಡಿಸೋ ಫ್ಯಾನ್, ಮಳೆಗಾಲಕ್ಕೆ ಪಂಪ್. ಕಟ್ಟೋವಾಗಿನ ಇಂಗಾಲ ಎಷ್ಟು ವರ್ಷಕ್ಕೆ ತೀರುತ್ತೆ ಅಂತ ಕೇಳಿದ್ರೆ ಗ್ರಿಡ್, ಪ್ರಯಾಣಿಕರು ಏನು ಬಿಟ್ಟು ಬಂದ್ರು, ಸ್ಟೇಷನ್ನಿನ ಕರೆಂಟ್ ಈ ಮೂರನ್ನೂ ಸೇರಿಸಿ, ಗ್ರಿಡ್ ಹಸಿರಾಗ್ತಾ ಹೋದ ಹಾಗೆ ಆ ವರ್ಷಗಳು ಕಮ್ಮಿ ಆಗುತ್ವೆ ಅಂತ ಬರೀರಿ.