ಟೀ ಮುಂದಕ್ಕೆ ಸರಿಸಿದರೆ ಸಾಲದು

ಮಹಿಳಾ ವೃತ್ತಿಪರ ಗಾಲ್ಫ್ ಟೂರ್ನಿಗೆ ದಿನ ಗೊತ್ತಾದ ಕೂಡಲೇ ಆತಿಥೇಯ ಕ್ಲಬ್ಬಿನ ಸಮಿತಿ ಕೇಳುವ ಮೊದಲ ಪ್ರಶ್ನೆ, ಟೀಗಳನ್ನು, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗಗಳನ್ನು, ಎಷ್ಟು ಗಜ ಮುಂದಕ್ಕೆ ತರಬೇಕು ಎಂಬುದು. ಧಾರವಾಡದಲ್ಲಿ ಕೃಷಿ ಓದಿ, ಪುಣೆಗೆ ಬಂದು ಗಾಲ್ಫ್ ಮೈದಾನಗಳ ಹುಲ್ಲು ನೋಡಿಕೊಳ್ಳುವುದನ್ನೇ ವೃತ್ತಿ ಮಾಡಿಕೊಂಡ ನನಗೆ ಈ ಪ್ರಶ್ನೆ ಬಂದಾಗಲೆಲ್ಲ ಕಳವಳವಾಗುತ್ತದೆ. ಟೀ ಸರಿಸುವುದು ಒಂದು ಬೆಳಗಿನ ಕೆಲಸ. ಚೆಂಡು ಬಂದು ಬೀಳುವ ನೆಲವನ್ನು ಹದಕ್ಕೆ ತರುವುದು ತಿಂಗಳುಗಟ್ಟಲೆಯ ಕೆಲಸ. ಅದರ ಬಗ್ಗೆ ಕೇಳುವವರು ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. 420 ಗಜದ ಪಾರ್ ನಾಲ್ಕರಲ್ಲಿ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ನಲ್ಲಿ, ಪುರುಷ ವೃತ್ತಿಪರನ ಮೊದಲ ಹೊಡೆತ 290 ಗಜ ಹೋಯಿತು ಎನ್ನಿ. ಉಳಿದದ್ದು 130 ಗಜ, ಕೈಗೆ ಬರುವುದು ಹತ್ತಿರದ ಹೊಡೆತದ ಕೋಲುಗಳಾದ ವೆಜ್ ಅಥವಾ ಒಂಬತ್ತನೇ ಐರನ್. ಅದೇ ಟೀಯಿಂದ ವೃತ್ತಿಪರ ಆಟಗಾರ್ತಿ 250 ಗಜ ಹೊಡೆದರೆ ಉಳಿಯುವುದು 170 ಗಜ, ಅವಳು ದೂರದ ಹೊಡೆತದ ಹೈಬ್ರಿಡ್ ಎತ್ತಿಕೊಳ್ಳಬೇಕು. ಟೀಯನ್ನು ಐವತ್ತು ಗಜ ಮುಂದೆ ತಂದರೆ ಅವಳ ಕೈಗೂ ಒಂಬತ್ತನೇ ಐರನ್ ಬರುತ್ತದೆ. ಸಮಿತಿಯ ದೃಷ್ಟಿಯಲ್ಲಿ ಅಲ್ಲಿಗೆ ನ್ಯಾಯ ಮುಗಿಯಿತು.

ನನ್ನ ಕೆಲಸ ಶುರುವಾಗುವುದು ಅಲ್ಲಿಂದ. ಅಮೆರಿಕದ ಪುರುಷರ ಟೂರ್‌ನಲ್ಲಿ, ಅಂದರೆ ವೃತ್ತಿಪರ ಟೂರ್ನಿಗಳ ಸರಣಿಯಲ್ಲಿ, ಮೊದಲ ಹೊಡೆತದ ಉದ್ದನೆಯ ಕೋಲಾದ ಡ್ರೈವರ್ ಬೀಸುವ ಸರಾಸರಿ ವೇಗ ಗಂಟೆಗೆ ಸುಮಾರು 113 ಮೈಲಿ, ಮಹಿಳೆಯರ ಎಲ್‌ಪಿಜಿಎ ಟೂರ್‌ನಲ್ಲಿ ಸುಮಾರು 94 ಮೈಲಿ. ಐರನ್‌ಗಳಲ್ಲೂ ಈ ಅಂತರ ಉಳಿಯುತ್ತದೆ. ಅದೇ ಐರನ್ನಿನಿಂದ ಹೊಡೆದರೂ ಆಟಗಾರ್ತಿಯ ಚೆಂಡು ಸ್ವಲ್ಪ ಕಡಿಮೆ ಎತ್ತರಕ್ಕೆ ಏರುತ್ತದೆ, ಕಡಿಮೆ ತಿರುಗುತ್ತದೆ, ಹೆಚ್ಚು ಓರೆಯಾಗಿ ಇಳಿಯುತ್ತದೆ. ಚೆಂಡು ಬೀಳಬೇಕಾದ ಕುಳಿಯಿರುವ, ಹುಲ್ಲು ನುಣ್ಣಗೆ ಕತ್ತರಿಸಿದ ಗ್ರೀನ್ ಗಟ್ಟಿಯಾಗಿದ್ದರೆ ಪುರುಷನ ಚೆಂಡು ಎರಡು ಪುಟಿತಕ್ಕೆ ನಿಲ್ಲುವ ಕಡೆ ಅವಳದು ಉರುಳಿ ಹಿಂದಿನ ರಫ್, ಅಂದರೆ ಎತ್ತರದ ಹುಲ್ಲು, ಸೇರುತ್ತದೆ. ಹೊಡೆತದಲ್ಲಿ ತಪ್ಪಿರುವುದಿಲ್ಲ. ನೋಡುವವರು ಮಾತ್ರ ಅವಳ ಐರನ್ ಆಟ ಚೆನ್ನಾಗಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ನೆಲದ ದೋಷವನ್ನು ಆಟಗಾರ್ತಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ಇದನ್ನು ಗಂಭೀರವಾಗಿ ತೆಗೆದುಕೊಂಡ ಒಂದು ಪ್ರಯೋಗ 2014ರಲ್ಲಿ ನಡೆಯಿತು. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಮೈದಾನದಲ್ಲಿ ಪುರುಷರ ಯುಎಸ್ ಓಪನ್, ಅದರ ಮರುವಾರವೇ ಮಹಿಳೆಯರ ಯುಎಸ್ ಓಪನ್. ಪುರುಷರಿಗೆ ಸುಮಾರು 7,560 ಗಜ, ಮಹಿಳೆಯರಿಗೆ ಸುಮಾರು 6,650 ಗಜ, ಇಬ್ಬರಿಗೂ ಪಾರ್ 70. ಗ್ರೀನ್‌ಗೆ ಹೊಡೆಯುವಾಗ ಇಬ್ಬರ ಕೈಯಲ್ಲೂ ಆದಷ್ಟು ಒಂದೇ ಬಗೆಯ ಕೋಲು ಇರಬೇಕು ಎಂಬುದು ಸಂಘಟಕರ ಗುರಿಯಾಗಿತ್ತು. ಮಾರ್ಟಿನ್ ಕೈಮರ್ ಪಾರ್‌ಗಿಂತ ಒಂಬತ್ತು ಹೊಡೆತ ಕಡಿಮೆಯಲ್ಲಿ ಗೆದ್ದರು, ಮಿಶೆಲ್ ವೀ ಎರಡು ಕಡಿಮೆಯಲ್ಲಿ. ಪಾರ್‌ಗಿಂತ ಕೆಳಗೆ ಮುಗಿಸಿದ ಪುರುಷರು ಮೂವರು, ಮಹಿಳೆಯರಲ್ಲಿ ವೀ ಒಬ್ಬರೇ. ಟೀ ಮುಂದಿಟ್ಟರೆ ಆಟ ಸಲೀಸಾಗುತ್ತದೆ ಎನ್ನುವವರು ಈ ಅಂಕಿಗಳನ್ನು ನೋಡಬೇಕು.

ಈಗ ನಮ್ಮ ಪುಣೆಗೆ ಬರೋಣ. ಭಾರತದ ಮಹಿಳಾ ವೃತ್ತಿಪರ ಗಾಲ್ಫ್ ಟೂರ್ ವರ್ಷವಿಡೀ ಊರಿಂದೂರಿಗೆ ಸಾಗುವಂಥದ್ದು. ಪುಣೆ, ಮುಂಬೈಗಳಲ್ಲಿ ಅದರ ಹಂತಗಳು ಜನವರಿಯಲ್ಲೂ ನಡೆದಿವೆ. ಪ್ರೇಕ್ಷಕರಿಗೆ ಅದು ಒಳ್ಳೆಯ ಹವೆ. ಗರಿಕೆಗೆ ಮಾತ್ರ ಅದು ಕೆಟ್ಟ ಕಾಲ. ನಮ್ಮ ಗ್ರೀನ್‌ಗಳಲ್ಲಿರುವುದು ಹೆಚ್ಚಾಗಿ ಕುಳ್ಳ ತಳಿಯ ಗರಿಕೆಯೇ. ಮೂವತ್ತು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಹುಚ್ಚೆದ್ದು ಬೆಳೆಯುವ ಈ ಹುಲ್ಲು, ಪುಣೆಯ ರಾತ್ರಿಯ ತಾಪಮಾನ ಹತ್ತು ಹನ್ನೆರಡಕ್ಕೆ ಇಳಿದಾಗ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಆಗ ಕಿತ್ತುಹೋದ ಜಾಗ ತುಂಬುವುದಿಲ್ಲ, ತೀರಾ ಕೆಳಗೆ ಕತ್ತರಿಸಿದ್ದು ಮರಳಿ ಹಸಿರಾಗುವುದಿಲ್ಲ. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಕಡಲ ಹತ್ತಿರದ್ದು. ಅಲ್ಲಿ ಜನವರಿಯಲ್ಲೂ ಹುಲ್ಲಿಗೆ ಅಷ್ಟು ಚಳಿ ಹಿಡಿಯುವುದಿಲ್ಲ. ನೂರೈವತ್ತು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಆಡುವವಳಿಗೆ ಎರಡು ಬೇರೆ ಸ್ವಭಾವದ ನೆಲ ಎದುರಾಗುತ್ತದೆ.

ಹಾಗಾಗಿ ಜನವರಿಯ ಟೂರ್ನಿಯ ಗ್ರೀನ್ ತಯಾರಾಗುವುದು ಸೆಪ್ಟೆಂಬರ್‌ನಲ್ಲಿ. ಮಳೆಗಾಲದ ಕೊನೆಗೆ, ಹುಲ್ಲಿಗೆ ಇನ್ನೂ ಕಸುವು ಇರುವಾಗ, ಗ್ರೀನ್‌ಗೆ ತೂತು ಹೊಡೆದು ಮರಳು ತುಂಬಬೇಕು. ನೀರು ಕೆಳಗಿಳಿಯುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಹೀಗೆ ಉಸಿರಾಡುವ ನೆಲ ಚೆಂಡನ್ನು ಹಿಡಿಯುವಷ್ಟು ಮೆತ್ತಗೆ, ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ನೇರವಾಗಿ ಓಡುವಷ್ಟು ಬಿಗಿಯಾಗಿ ಇರುತ್ತದೆ. ಸದಸ್ಯರ ಆಟಕ್ಕೆ ಅಡ್ಡಿಯಾಗುತ್ತದೆಂದು ಈ ಕೆಲಸವನ್ನು ಮುಂದೂಡಿಸಿದ ಕ್ಲಬ್ಬನ್ನೂ ಕಂಡಿದ್ದೇನೆ. ಡಿಸೆಂಬರ್‌ನಲ್ಲಿ ಅಲ್ಲಿನ ಗ್ರೀನ್ ಕಲ್ಲಾಗಿತ್ತು. ಟೂರ್ನಿಯ ಹಿಂದಿನ ರಾತ್ರಿ ನೀರು ಸುರಿದು ಅದನ್ನು ಮೆತ್ತಗೆ ಮಾಡಲು ಹೊರಟರೆ ಮೇಲಿನ ಪದರ ಕೆಸರಾಗುತ್ತದೆ, ಒಳಗೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ.

ಸಮಿತಿಗಳು ಹೆಮ್ಮೆಯಿಂದ ಹೇಳುವ ಅಂಕಿ ಗ್ರೀನ್‌ನ ವೇಗ ಅಳೆಯುವ ಸ್ಟಿಂಪ್‌ಮೀಟರ್‌ನದು. ಮೂರು ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿಯ ಮೇಲಿಂದ ಚೆಂಡನ್ನು ಜಾರಿಬಿಟ್ಟು, ಸಮತಟ್ಟು ಜಾಗದಲ್ಲಿ ಅದು ಎಷ್ಟು ಅಡಿ ಉರುಳಿತು ಎಂದು ಎರಡೂ ದಿಕ್ಕಿನಲ್ಲಿ ಅಳೆಯುವ ಸರಳ ಸಾಧನ ಅದು. ನಮ್ಮ ಗ್ರೀನ್ ಹನ್ನೊಂದು ಎಂದು ಹೇಳಿಕೊಳ್ಳುವ ಆಸೆಗೆ ಹುಲ್ಲನ್ನು ಮೂರು ಮಿಲಿಮೀಟರ್‌ಗೂ ಕೆಳಗೆ ಕತ್ತರಿಸಿ, ಮೇಲೆ ರೋಲರ್ ಮೇಲೆ ರೋಲರ್ ಓಡಿಸುತ್ತಾರೆ. ರೋಲರ್ ವೇಗದ ಜೊತೆಗೆ ಗಡಸನ್ನೂ ಕೊಡುತ್ತದೆ. ಪುಣೆಯ ಚಳಿಯಲ್ಲಿ ಹತ್ತರ ಆಸುಪಾಸು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹದಿನೆಂಟೂ ಗ್ರೀನ್‌ಗಳು ಒಂದೇ ಸಮ ಇರುವುದು ಆ ಒಂದು ಅಡಿಗಿಂತ ಮುಖ್ಯ.

ಇನ್ನು ಗರಿಕೆಯ ಒಲವು. ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಅದು ಒಂದು ದಿಕ್ಕಿಗೆ ಮಲಗುತ್ತದೆ. ಆ ದಿಕ್ಕಿಗೆ ಹೊಡೆದ ಪಟ್ ಓಡುತ್ತದೆ, ಎದುರು ಹೊಡೆದದ್ದು ಎಳೆದು ನಿಲ್ಲುತ್ತದೆ. ದಿನವೂ ದಿಕ್ಕು ಬದಲಿಸಿ ಕತ್ತರಿಸುವುದು, ಬ್ರಷ್ ಎಳೆಯುವುದು ಇದಕ್ಕೆ ಮದ್ದು.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುವ ಜಾಗವೆಂದರೆ ಗ್ರೀನ್‌ನ ಬಾಗಿಲು, ಅಂದರೆ ಅದರ ಮುಂದಿನ ಹತ್ತು ಹದಿನೈದು ಗಜ. ಹೈಬ್ರಿಡ್‌ನಿಂದ ಬರುವ ತಗ್ಗು ಹೊಡೆತ ಅಲ್ಲಿ ಬಿದ್ದು, ಪುಟಿದು, ಗ್ರೀನ್ ಹತ್ತಬೇಕು. ಆದರೆ ಗ್ರೀನ್‌ಗೆಂದು ಹಾಕಿದ ಸ್ಪ್ರಿಂಕ್ಲರ್‌ಗಳ ನೀರು ರಾತ್ರಿಯಿಡೀ ಬೀಳುವುದು ಅಲ್ಲಿಗೂ ಸೇರಿಯೇ. ಬೆಳಿಗ್ಗೆ ಅದು ಜೌಗು, ಚೆಂಡು ಹೂತು ನಿಲ್ಲುತ್ತದೆ. ಎತ್ತರದಿಂದ ನೇರ ಗ್ರೀನ್ ಮೇಲೆ ಇಳಿಸಬಲ್ಲವರಿಗೆ ಈ ಜೌಗು ಲೆಕ್ಕಕ್ಕೇ ಬರುವುದಿಲ್ಲ. ಟೂರ್ನಿಗೆ ಎರಡು ವಾರ ಇರುವಾಗಲೇ ನಾನು ಗ್ರೀನ್ ಸುತ್ತಲಿನ ಸ್ಪ್ರಿಂಕ್ಲರ್‌ಗಳನ್ನು ನಿಲ್ಲಿಸುತ್ತೇನೆ. ಬೇಕಾದಲ್ಲಿ ಮಾತ್ರ ಪೈಪ್ ಹಿಡಿದು ಕೈಯಿಂದ ನೀರು. ಇದಕ್ಕೆ ಜನ ಹೆಚ್ಚು ಬೇಕು, ಪಾಳಿ ಹೆಚ್ಚುತ್ತದೆ. ನಮ್ಮ ತಂಡದಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಹಲವರಿದ್ದಾರೆ. ಬರದ ಸೀಮೆಯವರು, ನೀರಿನ ಬೆಲೆ ಬಲ್ಲವರು. ಎಷ್ಟು ಹನಿ ಸಾಕು ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಸಂಜೆ ಅವರಲ್ಲಿ ಹಿರಿಯರೊಬ್ಬರು ಬಂದು, “ಅಕ್ಕಾವರೇ, ನಾಳೆ ಕಪ್ ಎಲ್ಲಿ ಕಡಿಯಬೇಕು?” ಎಂದು ಕೇಳುತ್ತಾರೆ. ಕಪ್ ಎಂದರೆ ಚೆಂಡು ಬೀಳಬೇಕಾದ ಕುಳಿ. ಅದರ ಜಾಗ ಗೊತ್ತು ಮಾಡುವುದು ಟೂರ್ನಿಯ ಅಧಿಕಾರಿಗಳ ಹಕ್ಕು, ಆದರೆ ನೆಲ ಬಲ್ಲವರ ಮಾತು ಕೇಳುವ ಅಧಿಕಾರಿಗಳೂ ಇದ್ದಾರೆ. ನನ್ನ ಸಲಹೆ ಯಾವಾಗಲೂ ಒಂದೇ: ಬಂಕರ್‌ನ (ಮರಳಿನ ಗುಂಡಿಯ) ಬೆನ್ನಿಗೇ ನಾಲ್ಕು ಹೆಜ್ಜೆಯಲ್ಲಿ ಕಪ್ ಇಡುವ ಮೊದಲು, ಚೆಂಡು ಬಿದ್ದು ಉರುಳಲು ಹಿಂದೆ ಎಷ್ಟು ಜಾಗವಿದೆ ಎಂದು ನೋಡಿ. ಕಪ್‌ನ ಅಗಲ 108 ಮಿಲಿಮೀಟರ್, ಅದು ಎಲ್ಲರಿಗೂ ಒಂದೇ. ಅದನ್ನು ತಲುಪುವ ದಾರಿ ಒಂದೇ ಅಲ್ಲ.

ಇಷ್ಟೊಂದು ಹಟ ಏಕೆ ಎಂದರೆ, ಇದು ಆಟಗಾರ್ತಿಯರ ಜೀವನೋಪಾಯ. ಭಾರತದ ಟೂರ್‌ನಲ್ಲಿ ಒಂದು ಹಂತವೆಂದರೆ ಸಾಮಾನ್ಯವಾಗಿ ಮೂರು ದಿನ, 54 ಹೋಲ್. ಎರಡು ಸುತ್ತಿನ ನಂತರ ಕಟ್, ಅಂದರೆ ಹಿಂದೆ ಬಿದ್ದವರು ಹೊರಗೆ. ಕಟ್ ದಾಟದವಳಿಗೆ ಬಹುಮಾನದ ಹಣವಿಲ್ಲ, ಚೀಲ ಹೊರುವ ಕ್ಯಾಡಿಗೂ ವಸತಿಗೂ ಕೊಡಬೇಕಾದದ್ದು ಮಾತ್ರ ತಪ್ಪುವುದಿಲ್ಲ. ಒಂದೊಂದು ಹಂತದ ಗಳಿಕೆ ವರ್ಷದ ಕೊನೆಯ ಆರ್ಡರ್ ಆಫ್ ಮೆರಿಟ್ ಎಂಬ ಶ್ರೇಯಾಂಕ ಪಟ್ಟಿಗೆ ಸೇರುತ್ತದೆ. ಮೈಸೂರಿನ ಪ್ರಣವಿ ಅರಸ್ ಇದೇ ಟೂರ್‌ನಲ್ಲಿ ಗೆದ್ದು ಗೆದ್ದು ಯುರೋಪಿನ ಟೂರ್‌ವರೆಗೆ ಹೋದವರು. ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಾರ್‌ಗಿಂತ 15 ಕಡಿಮೆ ಹೊಡೆದು ನಾಲ್ಕನೆಯವರಾದರು, ಕಂಚಿಗೆ ಒಂದೇ ಹೊಡೆತದ ಕೊರತೆ. ಬೇರೆಯವರು ಐರನ್ ಹಿಡಿಯುವ ದೂರದಿಂದ ಹೈಬ್ರಿಡ್ ಹಿಡಿದು, ಪಟ್‌ಗಳಿಂದ ಆ ಅಂತರ ತುಂಬಿಕೊಂಡ ಆಟ ಅದು. ಗ್ರೀನ್ ಆ ಚೆಂಡನ್ನು ಸ್ವೀಕರಿಸಿದ್ದರಿಂದ ಆ ಕೌಶಲ ಲೋಕಕ್ಕೆ ಕಂಡಿತು.

ಪುಣೆ, ಮುಂಬೈಯ ಕ್ಲಬ್‌ಗಳನ್ನು ನಾನು ಕೇಳಿಕೊಳ್ಳುವುದು ಇಷ್ಟು. ಮುಂದಿನ ಋತುವಿನ ಹಂತ ನಿಮ್ಮಲ್ಲಿ ನಡೆಯುವ ಸಾಧ್ಯತೆ ಇದ್ದರೆ ಆಗಸ್ಟ್‌ನಲ್ಲೇ ಮೈದಾನದವರನ್ನು ಕರೆದು ಮಾತಾಡಿ. ಸೆಪ್ಟೆಂಬರ್‌ನಲ್ಲಿ ಒಂದಷ್ಟು ದಿನ ಗ್ರೀನ್‌ಗಳನ್ನು ಬಿಟ್ಟುಕೊಡಿ. ಡಿಸೆಂಬರ್‌ನಿಂದ ಅಭ್ಯಾಸದ ಟೀಗಳನ್ನು ಸರದಿಯಲ್ಲಿ ಮುಚ್ಚಿ, ಚಳಿಯಲ್ಲಿ ಕಿತ್ತ ಹುಲ್ಲು ಫೆಬ್ರವರಿ ಕಳೆಯುವವರೆಗೆ ಬರುವುದಿಲ್ಲ. ಟೀ ಎಷ್ಟು ಗಜ ಮುಂದೆ ಎಂಬುದನ್ನು ಟೂರ್ನಿಯ ವಾರದಲ್ಲಿ ನಿರ್ಧರಿಸಿದರೂ ನಡೆಯುತ್ತದೆ.