ಮುರಿಯುವುದಿದ್ದರೆ ಗಾಲಿಯೇ ಮುರಿಯಲಿ

ನನ್ನ ಆಟಿಕೆ ಗಾಡಿಯ ಮುಂದಿನ ಟೈರು ಬಂಡೆಯ ಅಂಚನ್ನು ಕಚ್ಚಿ ನಿಂತಿತ್ತು. ರಿಮೋಟಿನ ಟ್ರಿಗರ್ ಎಳೆದರೆ ಮೋಟಾರು ಗುಂಯ್‌ಗುಡುತ್ತದೆ, ಆಕ್ಸಲ್ ತಿರುಗುತ್ತದೆ, ಟೈರು ಮಾತ್ರ ಜಪ್ಪಯ್ಯ ಎಂದರೂ ಅಲುಗದು. ಒಳಗಿನಿಂದ ಕಟಕಟ ಸದ್ದು. ಗಾಲಿ ಬಿಚ್ಚಿ ನೋಡಿದೆ. ಆಕ್ಸಲ್ಲಿನ ತುದಿಯ ಹೆಕ್ಸ್, ಅಂದರೆ ಗಾಲಿಯನ್ನು ತಿರುಗಿಸುವ ಆರು ಮೂಲೆಯ ತುಂಡು, ಕೂರುವ ಗುಳಿ ಸವೆದು ಹೆಚ್ಚುಕಡಿಮೆ ದುಂಡಗಾಗಿತ್ತು. ಒಂದು ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಕ್ಕೆ ಹರಿದಿತ್ತು.

ರಾಕ್ ಕ್ರಾಲರ್ ಓಡುವ ಆಟಿಕೆಯಲ್ಲ, ತೆವಳಿ ಏರುವ ಆಟಿಕೆ. ನಿಜವಾದ ವಾಹನದ ಹತ್ತನೇ ಒಂದರಷ್ಟು ಗಾತ್ರದ ಈ ಗಾಡಿ ನಡಿಗೆಗಿಂತ ನಿಧಾನವಾಗಿ ಕಲ್ಲಿನಿಂದ ಕಲ್ಲಿಗೆ ಕಾಲೂರುತ್ತದೆ. ಇಷ್ಟು ಮಂದಗತಿಯದ್ದಕ್ಕೆ ಗಾಲಿ ಏಕೆ ಒಡೆಯಬೇಕು? ಮಂದಗತಿಯೇ ಕಾರಣ. ಗಿಯರುಗಳು ವೇಗವನ್ನು ಇಳಿಸಿದಷ್ಟೂ ತಿರುಚುಬಲ ಏರುತ್ತದೆ. ಟೈರು ಸಂದಿಯಲ್ಲಿ ಸಿಕ್ಕಿಕೊಂಡಾಗ ಆ ಬಲವೆಲ್ಲ ಬಂದು ನಿಲ್ಲುವುದು ಗಾಲಿಯ ನಡುವಿನ ಆ ಗುಳಿಯಲ್ಲಿ.

ಲೆಕ್ಕ ಸರಳ. ಟೈರಿನ ತ್ರಿಜ್ಯ 60 ಮಿಲಿಮೀಟರ್. ಹೆಕ್ಸ್‌ನ ಎದುರುಬದುರು ಮುಖಗಳ ನಡುವೆ 12 ಮಿಲಿಮೀಟರ್, ಅಂದರೆ ನಡುವಿನಿಂದ ಮೂಲೆಗೆ ಸುಮಾರು 7. ಟೈರಿನ ಅಂಚಿನಲ್ಲಿ ಒಂದು ಕಿಲೋ ತೂಕದಷ್ಟು ಬಲ ಬಿದ್ದರೆ ಗುಳಿಯ ಮೂಲೆಗಳು ಒಟ್ಟಾಗಿ ಎಂಟೂವರೆ ಕಿಲೋದಷ್ಟನ್ನು ತಡೆಯಬೇಕು. ನಟ್ ಬಿಗಿಯಾಗಿ, ಹೆಕ್ಸ್ ಅಲುಗದೆ ಕೂತಿದ್ದರೆ ಆರೂ ಮುಖಗಳು ಹೊರೆ ಹಂಚಿಕೊಳ್ಳುತ್ತವೆ. ಒಂದಿಷ್ಟು ಸಡಿಲವಾಯಿತೋ, ಚೂಪಾದ ಮೂಲೆಗಳಷ್ಟೇ ತಾಗುತ್ತವೆ. ಅವು ಪ್ಲಾಸ್ಟಿಕ್ಕನ್ನು ಕೆತ್ತುತ್ತವೆ. ಕೆತ್ತಿದಷ್ಟೂ ಸಡಿಲ ಹೆಚ್ಚುತ್ತದೆ. ಹಾಗೆಂದು ನಟ್ಟನ್ನು ಹಟಕ್ಕೆ ಬಿದ್ದು ಬಿಗಿದರೂ ನಡುಭಾಗ ಸೀಳುತ್ತದೆ.

ಬಿರುಕಿಗೆ ಮದ್ದು ಅಂಟಲ್ಲ, ಮೊದಲು ತೂತು. ಚಾರ್ಲ್ಸ್ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ 1913ರಲ್ಲಿ ತೋರಿಸಿದಂತೆ, ಎಳೆತಕ್ಕೆ ಸಿಕ್ಕ ತಗಡಿನಲ್ಲಿ ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ರಂಧ್ರದ ತುದಿ ಚೂಪಾದಷ್ಟೂ ಈ ಪಟ್ಟು ಬೆಳೆಯುತ್ತಲೇ ಹೋಗುತ್ತದೆ. ಬಿರುಕಿನ ತುದಿಗಿಂತ ಚೂಪು ಯಾವುದಿದೆ? ಅದು ತಾನೇ ತನ್ನ ದಾರಿ ಕೊರೆದುಕೊಳ್ಳುತ್ತದೆ. ಸರಿಯಾಗಿ ಆ ತುದಿಯಲ್ಲಿ ಒಂದೂವರೆ ಮಿಲಿಮೀಟರಿನ ತೂತು ಕೊರೆದರೆ ಚೂಪು ದುಂಡಗಾಗಿ ಬಿರುಕು ನಿಲ್ಲುತ್ತದೆ. ಲೋಹದ ತಗಡಿನ ಬಿರುಕಿಗೂ ಇದೇ ಚಿಕಿತ್ಸೆ. ತುದಿ ಎಲ್ಲಿದೆಯೆಂದು ಕಾಣದಿದ್ದರೆ ಬಿರುಕಿನ ಮೇಲೆ ಶಾಯಿ ಹಚ್ಚಿ ಒರೆಸಿ. ಸೀಳಿನೊಳಗೆ ಇಳಿದ ಶಾಯಿ ಅಲ್ಲಿಯೇ ಉಳಿಯುತ್ತದೆ.

ಆಮೇಲೆ ಅಂಟಿನ ಮಾತು. ಅದಕ್ಕೂ ಮುಂಚೆ ಗಾಲಿ ಯಾವ ಪ್ಲಾಸ್ಟಿಕ್ಕಿನದೆಂದು ತಿಳಿದಿರಬೇಕು. ಇಂಥ ಗಾಲಿಗಳು ಹೆಚ್ಚಾಗಿ ನೈಲಾನ್, ಹೊಳೆಯುವ ಕ್ರೋಮ್ ಲೇಪ ಇದ್ದರೆ ಸಾಮಾನ್ಯವಾಗಿ ಎಬಿಎಸ್. ಮುರಿದ ಚೂರನ್ನು ಒಂದು ಲೀಟರ್ ನೀರಿಗೆ 120 ಗ್ರಾಂ ಉಪ್ಪು ಕರಗಿಸಿದ ದ್ರಾವಣಕ್ಕೆ ಹಾಕಿ, ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಉಜ್ಜಿ ಬಿಡಿಸಿ ನೋಡಿ: ಎಬಿಎಸ್ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಗಾಜಿನ ನಾರು ಬೆರೆಸಿದ ಎಬಿಎಸ್ ಕೂಡ ಮುಳುಗಬಹುದು ಎಂಬುದೊಂದು ತೊಡಕು.

ಈ ಗುರುತು ಏಕೆ ಮುಖ್ಯವೆಂದು ತಿಳಿಯುವುದು ರಿಮ್ಮಿಗೆ ಅಂಟಿಸಿದ ಟೈರನ್ನು ಬಿಡಿಸಲು ಹೊರಟಾಗ. ನೈಲಾನ್ ಗಾಲಿಯನ್ನು ರಾತ್ರಿಯಿಡೀ ಅಸಿಟೋನಿನಲ್ಲಿ ಮುಳುಗಿಸಿಟ್ಟರೆ ಅಂಟು ಸಡಿಲಗೊಳ್ಳುತ್ತದೆ, ಗಾಲಿಗೆ ಏನೂ ಆಗದು. ಎಬಿಎಸ್ ಗಾಲಿಯನ್ನು ಹಾಗೆ ಮುಳುಗಿಸಿದರೆ ಬೆಳಿಗ್ಗೆ ಸಿಗುವುದು ಬರೀ ಮುದ್ದೆ. ಆದರೆ ಅದೇ ಗುಣ ದುರಸ್ತಿಗೆ ವರವೂ ಹೌದು: ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಮಾಡಿದ ಗಂಜಿಯಂಥ ದ್ರವವನ್ನು ಬಿರುಕಿಗೆ ತುಂಬಿದರೆ, ಅಸಿಟೋನ್ ಆರಿದ ಮೇಲೆ ಎರಡೂ ಬದಿ ಬೆಸೆದು ಒಂದೇ ಆಗುತ್ತವೆ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವ ದ್ರವ, ಬೆಂಕಿಯಿಂದ ದೂರವಿರಲಿ.

ನೈಲಾನಿಗೆ ಈ ಭಾಗ್ಯವಿಲ್ಲ. ಸೂಪರ್ ಗ್ಲೂ ಎಂದು ನಾವು ಕರೆಯುವ ಸಯನೋಅಕ್ರಿಲೇಟ್ ಅದನ್ನು ಹಿಡಿಯುತ್ತದೆ, ಆದರೆ ಗಟ್ಟಿಯಾದ ಅಂಟು ಗಾಜಿನಂತೆ ಬಿರುಸು. 1942ರಲ್ಲಿ ಬಂದೂಕಿನ ಗುರಿಗಾಜಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಹ್ಯಾರಿ ಕೂವರ್ ಅವರ ತಂಡ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಈ ವಸ್ತುವನ್ನು ಬದಿಗಿಟ್ಟಿತ್ತು. ಇದಕ್ಕೆ ಅಡುಗೆ ಸೋಡಾ ಉದುರಿಸಿದರೆ ಸೋಡಾದ ಕ್ಷಾರಗುಣದಿಂದ ಕ್ಷಣದಲ್ಲಿ ಕಲ್ಲಾಗುತ್ತದೆ. ಬಿಸಿಯಾಗಿ ಹೊಗೆಯಾಡುವುದರಿಂದ ಕಿಟಕಿ ತೆರೆದಿರಲಿ. ಗಾಲಿಯ ಅಂಚಿನಲ್ಲಿ ಎದ್ದ ಚಕ್ಕೆಗೆ ಇಷ್ಟು ಸಾಕು. ಹೆಕ್ಸ್ ಗುಳಿಗೆ ನಾನು ಇದನ್ನು ನಂಬುವುದಿಲ್ಲ. ಅಲ್ಲಿ ಗುಳಿಯನ್ನು ಒರಟು ಕಾಗದದಿಂದ ಉಜ್ಜಿ, ಎಪಾಕ್ಸಿ ಅಂಟು ತುಂಬಿ, ಗ್ರೀಸ್ ಸವರಿದ ಲೋಹದ ಹೆಕ್ಸನ್ನು ಅದರಲ್ಲಿ ನೆಟ್ಟಗೆ ಕೂರಿಸಿ ಒಂದು ದಿನ ಬಿಡುತ್ತೇನೆ. ಹೆಕ್ಸನ್ನು ಹೊರಗೆಳೆದಾಗ ಅದರದೇ ಅಚ್ಚು ಉಳಿದಿರುತ್ತದೆ. ಇನ್ನೂ ಭದ್ರ ಬೇಕೆಂದರೆ ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಗಾಲಿಯ ನಡುವಿಗೆ ಆರು ಸಣ್ಣ ಸ್ಕ್ರೂಗಳಿಂದ ಬಿಗಿಯಬಹುದು. ಆಗ ಹೊರೆ 7 ಮಿಲಿಮೀಟರ್ ಬಿಟ್ಟು 15 ಮಿಲಿಮೀಟರ್ ದೂರಕ್ಕೆ ಸರಿಯುತ್ತದೆ, ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ನೈಲಾನಿಗೆ ಇನ್ನೊಂದು ಉಪಾಯವುಂಟು, ಕೇಳಿದವರು ನಗುತ್ತಾರೆ: ಗಾಲಿಯನ್ನು ಬೇಯಿಸುವುದು. ಅಚ್ಚಿನಿಂದ ಬಂದ ನೈಲಾನ್ ಒಣಗಿ ಬಿರುಸಾಗಿರುತ್ತದೆ. ಅದರ ಉದ್ದನೆಯ ಅಣುಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರಿನ ಅಣುಗಳು ನುಸುಳಿದರೆ ಆ ಹಿಡಿತ ಸಡಿಲಗೊಂಡು ಸರಪಳಿಗಳು ಜಾರಲು ಎಡೆ ಸಿಗುತ್ತದೆ, ಒಡೆಯಬೇಕಿದ್ದದ್ದು ಬಾಗುತ್ತದೆ. ಪೂರ್ತಿ ನೆಂದ ನೈಲಾನ್ 66 ಎಂಬ ಬಗೆ ತನ್ನ ತೂಕದ ಶೇಕಡ 8ರಷ್ಟು ನೀರನ್ನು ಹೀರಿಕೊಳ್ಳಬಲ್ಲದು. ತಣ್ಣೀರಿನಲ್ಲಿ ಇದಕ್ಕೆ ಬಹಳ ದಿನ ಬೇಕು, ಕುದಿನೀರು ಕೆಲಸವನ್ನು ಚುರುಕುಗೊಳಿಸುತ್ತದೆ. ಬೇಯಿಸಿದ ಗಾಲಿ ತುಸು ಉಬ್ಬುತ್ತದೆ, ಗಡಸುತನವೂ ಕೊಂಚ ಕಳೆದುಹೋಗುತ್ತದೆ.

ಇನ್ನು ಮೇಲ್ದರ್ಜೆಗೇರಿಸುವ ಚಪಲ. ಎಲ್ಲರ ಕಣ್ಣು ಮೊದಲು ಬೀಳುವುದು ಹಿತ್ತಾಳೆಯ ಮೇಲೆ: ಗಾಲಿಯೊಳಗೆ ತೂಕ ಸೇರಿಸಿ ಗುರುತ್ವ ಕೇಂದ್ರವನ್ನು ಕೆಳಗಿಳಿಸುವುದು. ಎರಡೂವರೆ ಕಿಲೋ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 10 ಸೆಂಟಿಮೀಟರ್ ಎತ್ತರದಲ್ಲಿದ್ದು, ಎಡಬಲ ಗಾಲಿಗಳ ನಡುವೆ 20 ಸೆಂಟಿಮೀಟರ್ ಇದ್ದರೆ, ಅದು 45 ಡಿಗ್ರಿ ಓರೆಯಾದಾಗ ಪಕ್ಕಕ್ಕೆ ಉರುಳುತ್ತದೆ. ನಾಲ್ಕು ಗಾಲಿಗಳಿಗೂ ನೂರು ನೂರು ಗ್ರಾಂ ತುಂಬಿದರೆ ಈ ಕೋನ ಏರುವುದು ಸುಮಾರು 46.6ಕ್ಕೆ ಮಾತ್ರ. ಗಾಲಿಗಳನ್ನು ಎರಡೂ ಬದಿಗೆ ಐದೈದು ಮಿಲಿಮೀಟರ್ ಹೊರಕ್ಕೆ ಸರಿಸಿದರೂ ಹೆಚ್ಚುಕಡಿಮೆ ಅಷ್ಟೇ ಲಾಭ, ಅದೂ ಒಂದು ಗ್ರಾಂ ಸೇರಿಸದೆ. ಆದರೂ ಮುಂದಿನ ಗಾಲಿಗಳಲ್ಲಿ ತೂಕ ಇರಲಿ ಎನ್ನುತ್ತೇನೆ, ಕಡಿದಾದ ಏರಿನಲ್ಲಿ ಮೂತಿ ಮೇಲೇಳುವುದನ್ನು ಅದು ತಡೆಯುತ್ತದೆ.

ತೂಕಕ್ಕಿಂತ ಉಪಯುಕ್ತವಾದದ್ದು ಬೀಡ್‌ಲಾಕ್ ಗಾಲಿ. ಇದರಲ್ಲಿ ಟೈರಿನ ಅಂಚನ್ನು ಅಂಟಿನ ಬದಲು ಉಂಗುರ ಮತ್ತು ಸ್ಕ್ರೂಗಳು ಅಮುಕಿ ಹಿಡಿಯುತ್ತವೆ. ಟೈರಿನೊಳಗೆ ತುಂಬಿದ ಸ್ಪಂಜು ಬದಲಿಸಬೇಕೆಂದರೆ ಅಸಿಟೋನಿನ ಗೊಡವೆಯಿಲ್ಲ.

ಪೂರ್ತಿ ಲೋಹದ ಗಾಲಿಯನ್ನೂ ಹಾಕಿ ನೋಡಿದೆ. ಗುಳಿ ಸವೆಯಲಿಲ್ಲ, ನಿಜ. ಮೂರನೆಯ ದಿನ ಅದೇ ಬಂಡೆಯ ಸಂದಿಯಲ್ಲಿ ಟಕ್ ಎಂದಿತು. ಈ ಸಲ ಹೋದದ್ದು ಆಕ್ಸಲ್ ಡಬ್ಬಿಯೊಳಗಿನ ಗಿಯರಿನ ಹಲ್ಲು. ಹನ್ನೆರಡು ಸ್ಕ್ರೂ ಬಿಚ್ಚಿ, ಗ್ರೀಸಿನಲ್ಲಿ ಕೈ ಅದ್ದಿ, ಚೂರುಗಳನ್ನು ಹೆಕ್ಕಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಗಾಲಿ ಬದಲಿಸುವುದಾಗಿದ್ದರೆ ಒಂದೇ ನಟ್ ಬಿಚ್ಚಿದರೆ ಸಾಕಿತ್ತು. ಈಗ ಗಾಡಿಯ ಕೆಳಗಿರುವುದು ಬೇಯಿಸಿದ ನೈಲಾನ್ ಗಾಲಿಗಳು, ಚೀಲದಲ್ಲಿ ಇನ್ನೆರಡು.