ಹುಳಿ ಮಣ್ಣಲ್ಲಿ ಅಲಸಂದೆ ಯಾಕೆ ಹಳದಿಯಾಗುತ್ತದೆ?

ಹುಳಿ ಮಣ್ಣಿನ ಪಾಠ ಓದುವಾಗ ನನ್ನ ತಲೆ ತಿಂದದ್ದು ಒಂದೇ ಪ್ರಶ್ನೆ. ದ್ವಿದಳ ಬೆಳೆಗೆ ಗಾಳಿಯ ಸಾರಜನಕವೇ ಸಿಗುತ್ತದಲ್ವಾ, ಹಾಗಾದರೆ ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಗೆ ಹಾಕಿದ ಅಲಸಂದೆ ಸಾರಜನಕ ಸಾಲದೆ ಹಳದಿಯಾಗುವುದು ಯಾಕೆ?

ಕರಾವಳಿ, ಮಲೆನಾಡಿನ ಮಳೆಗೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ತೊಳೆದು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಹುಳಿಯ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. 6ರಿಂದ 5ಕ್ಕೆ ಇಳಿದರೆ ಒಂದಂಕಿ ತಾನೇ ಅನ್ನಬೇಡಿ, ಹುಳಿ 10 ಪಟ್ಟು ಏರಿರುತ್ತದೆ.

ಗಿಡ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂ ಕೂಡ ಹೇಗೋ ಬದುಕುತ್ತದೆ. ಕೆಡುವುದು ಇವೆರಡರ ನಂಟು. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಬಿಟ್ಟು ಕರೆಯಬೇಕು, ಬ್ಯಾಕ್ಟೀರಿಯಾ ನಾಡ್ ಫ್ಯಾಕ್ಟರ್ ಎಂಬ ಸಂಕೇತದ ಅಣು ಕಳಿಸಿ ಓಗೊಡಬೇಕು, ಆಗ ಬೇರುಕೂದಲು ಕೊಕ್ಕೆಯಂತೆ ಬಾಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬೇರಿನಲ್ಲಿ ಗಂಟು ಕಟ್ಟುತ್ತದೆ. ಹುಳಿ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದರೆ ಈ ಕರೆ-ಓಗೊಡುವಿಕೆಯೇ ನಿಂತುಹೋಗುತ್ತದೆ.

ಇದರ ಮೇಲೆ ಅಲ್ಯೂಮಿನಿಯಂ ಕಾಟ. ಪಿಎಚ್ 5.5ಕ್ಕಿಂತ ಕೆಳಗೆ ಅದು ಕರಗತೊಡಗುತ್ತದೆ, ಬೇರಿನ ತುದಿ ದಪ್ಪಗೆ ಮೊಂಡಾಗುತ್ತದೆ, ಬೇರುಕೂದಲೂ ಕಡಿಮೆ. ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಸಾರಜನಕ ಅಣುವನ್ನು ಹಿಡಿಯಲು ಕಡಿಮೆಯೆಂದರೂ 16 ಎಟಿಪಿ (ರಂಜಕ ಇರುವ, ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕು, ರಂಜಕ ಇಲ್ಲದೆ ಎಟಿಪಿ ಎಲ್ಲಿಂದ ಬರಬೇಕು! ಪರೀಕ್ಷೆಗೆ ಇದೊಂದು ನೆನಪಿಡಿ: ಹುಳಿ ಮಣ್ಣಲ್ಲಿ ಕಬ್ಬಿಣ, ಮ್ಯಾಂಗನೀಸ್, ಸತು ಜಾಸ್ತಿ ಸಿಗುತ್ತವೆ, ಮಾಲಿಬ್ಡಿನಂ ಮಾತ್ರ ಉಲ್ಟಾ. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಬೇಕಾದದ್ದು ಅದೇ.

ಹೊಲದಲ್ಲಿ ನೋಡುವುದು ಹೇಗೆ? ಗಿಡವನ್ನು ಸುಮ್ನೆ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ನಾನು ಮೊದಲ ಸಲ ಹಾಗೇ ಕಿತ್ತು "ಗಂಟೇ ಇಲ್ಲ" ಅಂತ ಬರೆದುಕೊಂಡಿದ್ದೆ. ಮಣ್ಣಿನ ಹೆಂಟೆ ಸಮೇತ ಅಗೆದು, ಬಕೆಟ್ ನೀರಲ್ಲಿ ನೆನೆಸಿ ತೊಳೆಯಿರಿ. ಗಂಟನ್ನು ಉಗುರಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ, ಅದು ಗಂಟಿನಲ್ಲಿ ಆಮ್ಲಜನಕ ಹಿಡಿಯುವ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ. ಬಿಳಿ ಅಥವಾ ಹಸಿರು ಕಂಡರೆ ಇಲ್ಲ. ಇನ್ನೊಂದು ಉಪಾಯ, ನಾಲ್ಕೈದು ಗಿಡಕ್ಕೆ ಸ್ವಲ್ಪ ಯೂರಿಯಾ ಕೊಟ್ಟು ನೋಡಿ. ಅವು ಹಸಿರಾಗಿ ಪಕ್ಕದವು ಹಳದಿಯೇ ಉಳಿದರೆ ಗಿಡಕ್ಕೇನೂ ಆಗಿಲ್ಲ, ಗಂಟು ಕೆಲಸ ಮಾಡುತ್ತಿಲ್ಲ. ಯೂರಿಯಾಕ್ಕೂ ಜಗ್ಗದಿದ್ದರೆ ಗಿಡದ ಬೇರು ಕೆಟ್ಟಿರಬಹುದು.

ಪರಿಹಾರ ಸುಣ್ಣ ಅಂತ ಎಲ್ಲರಿಗೂ ಗೊತ್ತು. ಸುಣ್ಣಕಲ್ಲಿನ ಪುಡಿಯನ್ನು ಬಿತ್ತನೆಗೆ ಎರಡು-ಮೂರು ವಾರ ಮೊದಲೇ ಮಣ್ಣಿಗೆ ಬೆರೆಸಬೇಕು. ಸುಟ್ಟ ಸುಣ್ಣ ರೈಜೋಬಿಯಂ ಲೇಪಿಸಿದ ಬೀಜಕ್ಕೆ ತಾಗಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ಬರೀ ಪಿಎಚ್ ನೋಡಿ ಹೇಳಲಾಗದು. ಪಿಎಚ್ ಒಂದೇ ಇದ್ದರೂ ಮರಳು ಮಣ್ಣಿಗಿಂತ ಜೇಡಿಗೆ ಜಾಸ್ತಿ ಬೇಕು, ಅದಕ್ಕೇ ಮಣ್ಣಿಗೆ ಎಷ್ಟು ಸುಣ್ಣ ಬೇಕೆಂದು ತಿಳಿಯಲು ಲ್ಯಾಬಿನಲ್ಲಿ ಬಫರ್ ಪರೀಕ್ಷೆ ಮಾಡುತ್ತಾರೆ. ಅಳತೆ ಮೀರಿ ಸುರಿದರೆ ಸತು, ಬೋರಾನ್ ಕೊರತೆ ಬರುತ್ತದೆ.

ಮತ್ತೊಂದು ತಮಾಷೆ ಇದೆ. ಗಾಳಿಯ ಸಾರಜನಕ ನಂಬಿದ ಗಿಡ ನೈಟ್ರೇಟ್ ಹೆಚ್ಚು ಹೀರುವುದಿಲ್ಲ, ಪೊಟ್ಯಾಷಿಯಂ, ಕ್ಯಾಲ್ಸಿಯಂ ಹೀರಿ ಅದಕ್ಕೆ ಬದಲಾಗಿ ಹೈಡ್ರೋಜನ್ ಅಯಾನು ಬಿಡುತ್ತದೆ. ಅಂದರೆ ಗಂಟು ಚೆನ್ನಾಗಿ ದುಡಿದಷ್ಟೂ ಬೇರಿನ ಸುತ್ತ ಹುಳಿ ಏರುತ್ತದೆ.